ಮೂರನೆಯ ಪೆಟ್ಟಿಗೆ

ಹೆಸರು ಕಾಯ್ದೆ ಜಾರಿಗೆ ಬಂದ ವರ್ಷ ಇಂದುಮತಿ ಹೊಂಬಳ ಅವರು ಕೆಂಪಗೇರಿಯ ಕ್ಷಯರೋಗ ಚಿಕಿತ್ಸಾಲಯದಲ್ಲಿ ಹಿರಿಯ ನರ್ಸ್ ಆಗಿದ್ದರು. ಕಾಯ್ದೆ ಹೇಳುತ್ತಿದ್ದುದು ಇಷ್ಟೇ: ಅಂತರ್ಜಾಲದಲ್ಲಿ ಯಾರು ಏನೇ ಬರೆದರೂ, ಯಾರಿಗೇ ಕಳಿಸಿದರೂ, ಬರೆದವರ ಹೆಸರು, ಊರು, ಮನೆ ನಂಬರು ಅದರ ಬೆನ್ನಿಗೇ ಹೋಗಬೇಕು. ಸುಳ್ಳು ವಿಡಿಯೋಗಳಿಂದ ಎರಡು ಜಿಲ್ಲೆಗಳಲ್ಲಿ ಗಲಭೆಯಾಗಿ ಜನ ಸತ್ತಿದ್ದರು. ಹಾಗಾಗಿ ಕಾಯ್ದೆಯನ್ನು ಯಾರೂ ದೊಡ್ಡದಾಗಿ ವಿರೋಧಿಸಲಿಲ್ಲ. ಇಂದುಮತಿಯವರೂ ಒಳ್ಳೆಯದೇ ಆಯಿತು ಎಂದುಕೊಂಡರು. ಮೊದಲ ಎರಡು ತಿಂಗಳಲ್ಲೇ ಬೈಗುಳ, ಬೆದರಿಕೆ, ಹೆಣ್ಣುಮಕ್ಕಳಿಗೆ ಕೊಳಕು ಚಿತ್ರ ಕಳಿಸುವುದು ಎಲ್ಲ ಕಡಿಮೆಯಾಗಿದ್ದವು.

ಚಿಕಿತ್ಸಾಲಯಕ್ಕೆ ಅಂತರ್ಜಾಲದಲ್ಲಿ ಒಂದು ಪ್ರಶ್ನೆಪುಟವಿತ್ತು. ಕೆಮ್ಮಿನಲ್ಲಿ ರಕ್ತ ಬರುತ್ತದೆ, ಏನು ಮಾಡಲಿ, ಮನೆಯವರಿಗೆ ಹೇಳಬೇಕೇ ಎಂದು ದಿನಕ್ಕೆ ಮೂವತ್ತು ನಲವತ್ತು ಜನ ಅಲ್ಲಿ ಕೇಳುತ್ತಿದ್ದರು. ಆ ಸಂಖ್ಯೆ ಹತ್ತಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ರೋಗ ಕಡಿಮೆಯಾಗಿದೆ ಎಂದು ಮೇಲಧಿಕಾರಿಗಳು ವರದಿ ಬರೆದರು. ಆ ಬೇಸಿಗೆಯಲ್ಲಿ ಇಪ್ಪತ್ತೆರಡರ ಒಬ್ಬ ಹುಡುಗಿಯನ್ನು ಅವಳ ತಾಯಿ ಆಟೋದಲ್ಲಿ ಮಲಗಿಸಿಕೊಂಡು ಕರೆತಂದಳು. ಎರಡೂ ಶ್ವಾಸಕೋಶಗಳು ಹೋಗಿದ್ದವು.

"ಮೊದಲ ಯಾಕ ಕೇಳಲಿಲ್ಲವಾ?" ಎಂದರು ಇಂದುಮತಿ.

"ಹೆಸರು ಹೋಗ್ತಿತ್ತಲ್ರಿ ಅಕ್ಕಾರ. ಲಗ್ನ ಗೊತ್ತಾಗಿತ್ತು," ಎಂದಳು ಹುಡುಗಿ.

ಅವಳು ಹತ್ತೊಂಬತ್ತು ದಿನ ಬದುಕಿದ್ದಳು. ಇಂದುಮತಿಯವರ ಮೂವತ್ತು ವರ್ಷದ ಕೆಲಸದಲ್ಲಿ ಸತ್ತವರು ಬಹಳ ಜನ. ಆದರೆ ಈ ಹುಡುಗಿ ಸತ್ತ ಮೇಲೆ ಅವರು ಮನೆಗೆ ಬಂದು ಪ್ರಶ್ನೆಪುಟ ತೆರೆದಿಟ್ಟುಕೊಂಡು ಸಂಜೆಯೆಲ್ಲ ಕೂತಿದ್ದರು.

ಮರುವರ್ಷ ಮುಕ್ತಾ ಬಡಿಗೇರ ಎಂಬ ಎಂಜಿನಿಯರ್ ಅವರನ್ನು ಹುಡುಕಿಕೊಂಡು ಬಂದಳು. ವಯಸ್ಸು ಮೂವತ್ತಾರು. ವಿಶ್ವವಿದ್ಯಾಲಯದ ಜಾಲ ಸಂಶೋಧನೆಯ ವಿಭಾಗದಲ್ಲಿ ಕೆಲಸ. ಕೆಂಪಗೇರಿಯ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಖಾಲಿ ಕಟ್ಟಡದಲ್ಲಿ ಅವಳಿಗೊಂದು ನಿಯಂತ್ರಣ ಕೊಠಡಿ ಕೊಟ್ಟಿದ್ದರು. ಆರೋಗ್ಯದ ಪ್ರಶ್ನೆಗಳಿಗೆ ಮಾತ್ರ ಹೆಸರು ಕಾಯ್ದೆಯಿಂದ ವಿನಾಯಿತಿ ಪಡೆದು ಅವಳು ಒಂದು ಜಾಲ ಕಟ್ಟುತ್ತಿದ್ದಳು. ಅದಕ್ಕೆ 'ಮರೆ' ಎಂದು ಹೆಸರಿಟ್ಟಿದ್ದಳು.

ಇಂದುಮತಿಯವರ ಮನೆಯ ಮುಂಭಾಗದಲ್ಲೇ ಗಂಡ ಬಸವಂತಪ್ಪನವರ ಅಂಗಡಿ. ಆಟೋಗಳ ಬ್ಯಾಟರಿ ಚಾರ್ಜ್ ಮಾಡಿಕೊಡುವ ಕೆಲಸ. ಮುಕ್ತಾ ಅಂಗಡಿಯ ಕಟ್ಟೆಯ ಮೇಲೆ ಕೂತು, ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಚೀಲದಿಂದ ತೆಗೆದು ಮುಂದಿಟ್ಟಳು.

"ಇಂಥಾ ಪೆಟ್ಟಿಗಿ ಮನಿ ಮನ್ಯಾಗ ಇಡ್ತೀವ್ರಿ. ಒಬ್ಬರು ಒಂದು ಪ್ರಶ್ನೆ ಬರದ್ರು ಅಂತ ತಿಳೀರಿ. ಅದನ್ನ ಒಂದರ ಮ್ಯಾಲೊಂದು ಮೂರು ಲಕೋಟಿ ಒಳಗ ಹಾಕ್ತೀವಿ. ಮೊದಲನೇ ಪೆಟ್ಟಿಗಿ ಒಂದು ಲಕೋಟಿ ಒಡೀತೈತಿ. ಅದರಾಗ ಎರಡನೇ ಪೆಟ್ಟಿಗಿ ವಿಳಾಸ ಬಿಟ್ರ ಬ್ಯಾರೆ ಏನೂ ಇರೂದಿಲ್ಲ. ಎರಡನೇದು ಮೂರನೇದಕ್ಕ ಕೊಡ್ತೈತಿ. ಮೂರನೇದು ಕಡೀ ಲಕೋಟಿ ಒಡದು ಚಿಕಿತ್ಸಾಲಯಕ್ಕ ಮುಟ್ಟಸ್ತೈತಿ. ಮೊದಲನೇದಕ್ಕ ಯಾರು ಕಳಿಸಿದ್ರು ಗೊತ್ತು, ಏನು ಕಳಿಸಿದ್ರು ಗೊತ್ತಿಲ್ಲ. ಮೂರನೇದಕ್ಕ ಏನಂತ ಗೊತ್ತು, ಯಾರಂತ ಗೊತ್ತಿಲ್ಲ."

"ನಡುವಿಂದಕ್ಕ?" ಎಂದು ಬಸವಂತಪ್ಪ ಕೇಳಿದರು.

"ಅದಕ್ಕ ಏನೂ ಗೊತ್ತಿಲ್ರಿ."

"ನನ್ನಂಗ," ಎಂದು ಅವರು ನಕ್ಕು ಮೀಟರು ನೋಡಲು ಎದ್ದು ಹೋದರು.

ಇಂದುಮತಿ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಮೂರನೇ ಪೆಟ್ಟಿಗಿ ಯಾರ ಮನ್ಯಾಗ ಇರ್ತೈತಿ, ಹೊರಗಿನವರಿಗೆ ಅದು ಅವರ ಮನಿಯಿಂದನ ಬಂದಂಗ ಕಾಣತೈತಿ. ಹೌದಿಲ್ಲೋ?"

"ಹೌದ್ರಿ. ಅದಕ್ಕ ಮೊದಲನೇದು, ಎರಡನೇದು ಇಟ್ಕೊಳ್ಳಾಕ ಜನ ಒಪ್ತಾರ. ಮೂರನೇದು ಅಂದ್ರ ಹಿಂದ ಸರೀತಾರ."

"ನಮ್ಮಲ್ಲಿ ಮೂರನೇದು ಇಡು," ಎಂದರು ಇಂದುಮತಿ.

ಒಂದೂವರೆ ವರ್ಷದಲ್ಲಿ ಆ ಸೀಮೆಯಲ್ಲಿ ಮುನ್ನೂರ ಹನ್ನೆರಡು ಪೆಟ್ಟಿಗೆಗಳಾದವು. ಮೂರನೆಯ ಪೆಟ್ಟಿಗೆಗಳು ಹದಿಮೂರೇ. ಹನ್ನೊಂದು ಸಾವಿರ ಜನ ಮರೆಯಿಂದ ಪ್ರಶ್ನೆ ಕಳಿಸಿದ್ದರು. ಅವರಲ್ಲಿ ರೋಗಿಗಳಿದ್ದರು, ಗಂಡನ ಹೊಡೆತಕ್ಕೆ ಕಿವಿ ಕೇಳಿಸದಂತಾದ ಹೆಂಗಸರಿದ್ದರು, ಬಸುರಿಯಾದ ಕಾಲೇಜು ಹುಡುಗಿಯರಿದ್ದರು. ಯಾರು ಯಾರು ಎಂಬುದು ಮುಕ್ತಾಳಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಅವಳು ಅದನ್ನು ಹಾಗೆ ಕಟ್ಟಿದ್ದಳು.

ಆದರೆ ಅದರಲ್ಲಿ ಒಂದು ಸಂದು ಇತ್ತು. ಮೊದಲನೆಯ ಪೆಟ್ಟಿಗೆಗೆ ಯಾವ ಗಳಿಗೆಯಲ್ಲಿ ಏನು ಬಂತು, ಮೂರನೆಯದರಿಂದ ಯಾವ ಗಳಿಗೆಯಲ್ಲಿ ಏನು ಹೊರಟಿತು ಎಂಬ ಎರಡನ್ನೂ ಒಬ್ಬರೇ ಗುರುತು ಹಾಕಿಕೊಂಡರೆ, ಹೊತ್ತಿಗೆ ಹೊತ್ತು ತಾಳೆ ನೋಡಿ ಯಾರದು ಯಾವುದೆಂದು ಹೇಳಬಹುದು. ಅದಕ್ಕೆಂದೇ ಪ್ರತಿ ಪೆಟ್ಟಿಗೆ ತನಗೆ ಬಂದದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ಬೇರೆಯವುಗಳ ಜೊತೆ ಕಲೆಸಿ, ಹಿಂದುಮುಂದು ಮಾಡಿ ಬಿಡುತ್ತಿತ್ತು. ಹೊತ್ತುಗಳನ್ನು ಎಲ್ಲೂ ಬರೆದಿಡಬಾರದು ಎಂಬುದು ಮರೆಯ ಮೊದಲ ನಿಯಮ. ಅದನ್ನು ಬರೆದವಳೂ ಮುಕ್ತಾಳೇ.

ಆ ನಿಯಮವನ್ನು ಅವಳೇ ಮುರಿದಳು. ಹೆರಿಗೆಯಾದ ಮೂರನೆಯ ದಿನ ರಕ್ತ ನಿಲ್ಲದ ಒಬ್ಬ ಹೆಂಗಸಿನ ಪ್ರಶ್ನೆ ಪೆಟ್ಟಿಗೆಗಳಲ್ಲಿ ತಡೆದು ತಡೆದು ಚಿಕಿತ್ಸಾಲಯ ಮುಟ್ಟಲು ಎರಡು ಗಂಟೆಯಾಗಿತ್ತು. ಆಮೇಲೆ ಆ ಹೆಂಗಸಿನಿಂದ ಉತ್ತರವೇ ಬರಲಿಲ್ಲ. ತಡ ಎಲ್ಲಿ ಆಗುತ್ತಿದೆ ಎಂದು ಕಂಡುಹಿಡಿಯಲು ಮುಕ್ತಾ ಎಲ್ಲ ಪೆಟ್ಟಿಗೆಗಳೂ ಹೊತ್ತು ಗುರುತಿಸಿ ತನಗೆ ಕಳಿಸುವಂತೆ ಮಾಡಿದಳು. ಒಂದು ವಾರದ ಮಟ್ಟಿಗೆ ಎಂದುಕೊಂಡಿದ್ದಳು. ತಡವನ್ನು ಸರಿಪಡಿಸಿದಳು. ಆದರೆ ಗುರುತು ಹಾಕುವುದನ್ನು ನಿಲ್ಲಿಸಿ ಎಲ್ಲ ಅಳಿಸುವ ಕೆಲಸ ಇವತ್ತು ನಾಳೆ ಎಂದು ಆರು ವಾರ ಉಳಿದುಹೋಯಿತು.

ಆರನೆಯ ವಾರದ ಬುಧವಾರ ಬೆಳಿಗ್ಗೆ ಇಂದುಮತಿಯವರ ಮನೆಯ ಪೆಟ್ಟಿಗೆಯಿಂದ ಒಂದು ಸಂದೇಶ ಚಿಕಿತ್ಸಾಲಯಕ್ಕೂ, ಆರೋಗ್ಯದ ಪ್ರಶ್ನೋತ್ತರ ಅಚ್ಚು ಹಾಕಲು ಮರೆಗೆ ಸೇರಿಕೊಂಡಿದ್ದ ಒಂದು ವಾರಪತ್ರಿಕೆಗೂ ಹೋಯಿತು. "ಏಳನೆಯ ವಾರ್ಡಿನ ನೀರಿನ ಟ್ಯಾಂಕಿನಲ್ಲಿ ಸೀಸದ ಅಂಶ ಮಿತಿಗಿಂತ ಹದಿನಾಲ್ಕು ಪಟ್ಟು ಹೆಚ್ಚಿದೆ. ಮಕ್ಕಳಿಗೆ ಆ ನೀರು ಕುಡಿಸಬೇಡಿ. ಪರೀಕ್ಷೆಯ ಅಂಕಿಗಳು ಕೆಳಗಿವೆ." ಏಳನೆಯ ವಾರ್ಡಿನ ಮೇಲ್ಬದಿಗೆ ಹಳೆಯ ಬ್ಯಾಟರಿಗಳನ್ನು ಕರಗಿಸುವ ಕಾರ್ಖಾನೆಯಿತ್ತು. ಹಿಂದಿನ ವರ್ಷ ಅದರ ಹೊಗೆಯ ಬಗ್ಗೆ ಹೆಸರು ಸಮೇತ ದೂರು ಬರೆದಿದ್ದ ಮೇಸ್ತ್ರಿ ಹುಸೇನಸಾಬ ಎಂಬವರು ಎಂಟು ದಿನದೊಳಗೆ ಲಾರಿಯ ಅಡಿ ಸಿಕ್ಕು ಸತ್ತಿದ್ದರು. ಅದು ಅಪಘಾತ ಎಂದು ದಾಖಲಾಗಿತ್ತು.

ಪತ್ರಿಕೆ ಸಂದೇಶವನ್ನು ಇದ್ದ ಹಾಗೇ ಅಚ್ಚು ಹಾಕಿತು. ಏಳನೆಯ ವಾರ್ಡಿನವರು ಕಾರ್ಖಾನೆಯ ಗೇಟಿಗೆ ಹೋಗಿ ಗಲಾಟೆ ಮಾಡಿದರು. ನೀರು ಶುದ್ಧವಾಗಿದೆ, ಇದು ಸುಳ್ಳು ಭೀತಿ ಹಬ್ಬಿಸುವ ಕೃತ್ಯ ಎಂದು ಪುರಸಭೆ ಪ್ರಕಟಣೆ ಹೊರಡಿಸಿತು. ಹೆಸರಿಲ್ಲದೆ ಸುಳ್ಳು ಹಬ್ಬಿಸಿದರೆ ಜಾಮೀನಿಲ್ಲ. ಸೋಮವಾರ ಬೆಳಿಗ್ಗೆ ಪೊಲೀಸರು ಇಂದುಮತಿಯವರ ಮನೆಗೆ ಬಂದರು.

ಇಂದುಮತಿ ನಿವೃತ್ತರಾಗಿ ಆಗ ನಾಲ್ಕು ತಿಂಗಳು. ಒಲೆಯ ಮೇಲೆ ಜೋಳದ ನುಚ್ಚು ಕುದಿಯುತ್ತಿತ್ತು. ಬಂದಿದ್ದ ಸಬ್ ಇನ್‌ಸ್ಪೆಕ್ಟರು ಹೆಂಗಸು. ಅವಳ ತಮ್ಮನಿಗೆ ಇಂದುಮತಿಯೇ ಆರು ತಿಂಗಳು ಔಷಧ ನುಂಗಿಸಿದ್ದರು.

"ಅಕ್ಕಾರ, ನೀವು ಬರದಿಲ್ಲ ಅಂತ ನನಗೂ ಗೊತ್ತೈತಿ. ಯಾರು ಬರದ್ರು ಅಷ್ಟ ಹೇಳ್ರಿ, ಇಲ್ಲಿಗೇ ಮುಗೀತೈತಿ."

"ಗೊತ್ತಿದ್ರ ಹೇಳಲೋ ಬ್ಯಾಡೋ ಅಂತ ವಿಚಾರ ಮಾಡತಿದ್ದೆ ತಂಗಿ. ಗೊತ್ತ ಇಲ್ಲ," ಎಂದರು ಇಂದುಮತಿ. ಒಲೆ ಆರಿಸಿ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಪೊಲೀಸರು ಪೆಟ್ಟಿಗೆಯನ್ನೂ ಕಿತ್ತುಕೊಂಡು ಹೋದರು. ಅದರೊಳಗೆ ಅವರಿಗೆ ಏನೂ ಸಿಗಲಿಲ್ಲ.

ಅದೇ ದಿನ ಅವರು ಎಕ್ಸ್‌ಚೇಂಜಿಗೂ ಬಂದರು. ಮುಕ್ತಾಳನ್ನು ಕೂರಿಸಿಕೊಂಡು, ನಿಮ್ಮಲ್ಲಿ ಏನೇನು ದಾಖಲೆ ಇದೆ ಎಂದು ಕೇಳಿದರು. "ನಾವು ಏನನ್ನೂ ಬರೆದಿಡುವುದಿಲ್ಲ, ಜಾಲದ ನಿಯಮವೇ ಅದು," ಎಂದು ಅವಳು ನಿಯಮಪುಸ್ತಕ ತೆಗೆದು ತೋರಿಸಿದಳು. ಆರು ವಾರದ ಹೊತ್ತುಗಳು ತುಂಬಿದ್ದ ಡಿಸ್ಕು ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಅವರು ಹೋದ ಮೇಲೆ ಅವಳು ಕಪಾಟಿಗೆ ಬೀಗ ಹಾಕಿದಳು.

ಹತ್ತು ದಿನದ ಮೇಲೆ ಅವಳಿಗೆ ಜೈಲಿನಲ್ಲಿ ಭೇಟಿ ಸಿಕ್ಕಿತು. ಜಾಳಿಗೆಯ ಆಚೆ ಇಂದುಮತಿ ಕೂತಿದ್ದರು. ಸುತ್ತ ಬೇರೆಯವರ ಭೇಟಿಗಳ ಗದ್ದಲವಿತ್ತು. ಮುಕ್ತಾ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ನಿಯಮ ಮುರಿದದ್ದು, ಡಿಸ್ಕು ಇರುವುದು, ಅದರಿಂದ ಅರ್ಧ ದಿನದಲ್ಲಿ ಕಳಿಸಿದವರನ್ನು ಕಂಡುಹಿಡಿಯಬಹುದು ಎಂಬುದು.

ಇಂದುಮತಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ವಾರ್ಡಿನಲ್ಲಿ ಹೊಸ ನರ್ಸನ್ನು ಪ್ರಶ್ನಿಸುವ ಹಾಗೆ ಕೇಳಿದರು. "ಅವರೊಬ್ಬರನ್ನ ಅಷ್ಟ ಹಿಡೀಬಹುದೋ, ಎಲ್ಲಾರನ್ನೂ ಹಿಡೀಬಹುದೋ?"

"ಕೋರ್ಟಿಗೆ ಕೊಟ್ರ ಡಿಸ್ಕು ಪೂರಾ ಕೊಡಬೇಕಾಗ್ತೈತ್ರಿ. ಹ್ಯಾಂಗ ಹಿಡಿದೆ ಅಂತನೂ ತೋರಿಸಬೇಕಾಗ್ತೈತಿ. ಆ ಆರು ವಾರದಾಗ ಕಳಿಸಿದವರು ಎಲ್ಲಾರೂ ಸಿಗ್ತಾರ."

"ಎಷ್ಟು ಮಂದಿ?"

"ಒಂಬೈನೂರ ಚಿಲ್ಲರೆ."

ಇಂದುಮತಿ ಜಾಳಿಗೆಯ ಹತ್ತಿರಕ್ಕೆ ಬಾಗಿದರು. "ಹೋಗಿ ಅಳಿಸಿಬಿಡು," ಎಂದರು.

"ಅಕ್ಕಾ, ಅಳಿಸಿದ್ರ ನಿಮ್ಮನ್ನ ಬಿಡಿಸಾಕ ನನ್ನ ಕಡೆ ಏನೂ ಉಳಿಯೂದಿಲ್ಲ."

"ಅದು ಗೊತ್ತಾತು. ಅಳಿಸು. ನೋಡಬ್ಯಾಡ. ನೋಡಿದಿ ಅಂದ್ರ ನಿನಗ ತಡ್ಕೊಳ್ಳಾಕ ಆಗೂದಿಲ್ಲ."

ಮರುದಿನ ಮಧ್ಯಾಹ್ನ ಮುಕ್ತಾ ಕೊಠಡಿಯ ಬಾಗಿಲು ಹಾಕಿಕೊಂಡು ಡಿಸ್ಕನ್ನು ಯಂತ್ರಕ್ಕೆ ಜೋಡಿಸಿದಳು. ಅಳಿಸುವ ಆದೇಶವನ್ನು ಬರೆದಳು, ಆದರೆ ಗುಂಡಿ ಒತ್ತಲಿಲ್ಲ. ಕಳಿಸಿದವರು ಯಾರೆಂದು ತಾನೊಬ್ಬಳೇ ತಿಳಿದುಕೊಂಡರೆ, ಅವರ ಹತ್ತಿರ ಹೋಗಿ ಕೈಮುಗಿದು, ನೀವೇ ಬಂದು ಹೇಳಿ ಎಂದು ಬೇಡಬಹುದಲ್ಲ ಎಂದು ಅವಳಿಗೆ ಅನ್ನಿಸಿತು. ಬುಧವಾರದ ಆ ಸಂದೇಶದ ಹೊತ್ತನ್ನು ಹಾಕಿ ಲೆಕ್ಕಕ್ಕೆ ಬಿಟ್ಟಳು. ಮೂರನೆಯ ಪೆಟ್ಟಿಗೆಯಿಂದ ಎರಡನೆಯದಕ್ಕೆ ನಲವತ್ತು ಸಾಧ್ಯತೆಗಳು. ಅಂಕಿಗಳ ಪಟ್ಟಿ ಜೊತೆಗಿದ್ದುದರಿಂದ ಸಂದೇಶ ಉಳಿದವಕ್ಕಿಂತ ಉದ್ದವಾಗಿತ್ತು. ನಲವತ್ತು ಆರಾಯಿತು, ಆರು ಒಂದಾಯಿತು. ಮೊದಲನೆಯ ಪೆಟ್ಟಿಗೆಗೆ ಅದು ಬಂದದ್ದು ಬಸವೇಶ್ವರ ಬಡಾವಣೆಯ ಒಂದು ಮನೆಯಿಂದ. ಮನೆ ಶ್ರೀಪಾದ ಗಲಗಲಿ ಎಂಬವರದು. ಪುರಸಭೆಯ ನೀರು ಪರೀಕ್ಷಾಲಯದ ರಸಾಯನಶಾಸ್ತ್ರಜ್ಞ.

ಅವಳು ಗುಂಡಿ ಒತ್ತಿದಳು. ಡಿಸ್ಕು ಪೂರ್ತಿ ಅಳಿಯಲು ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಕುರ್ಚಿ ಬಿಟ್ಟು ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬಸವೇಶ್ವರ ಬಡಾವಣೆಗೆ ಹೋದಳು. ಆ ಓಣಿಗೂ ಏಳನೆಯ ವಾರ್ಡಿನ ಟ್ಯಾಂಕಿನದೇ ನೀರು. ಗಲಗಲಿಯವರು ಸ್ಕೂಟರಿಗೆ ಎರಡು ಕ್ಯಾನು ಕಟ್ಟಿಕೊಂಡು ಬೇರೆಲ್ಲಿಂದಲೋ ನೀರು ತಂದು ಮನೆಯ ಮುಂದೆ ಇಳಿಸುತ್ತಿದ್ದರು. ನಲವತ್ತೈದರ ಸಣಕಲು ಮನುಷ್ಯ. ಐದಾರು ವರ್ಷದ ಮಗಳು ನಲ್ಲಿಯ ಹತ್ತಿರ ಕೈಯೊಡ್ಡಿ ನಿಂತಿದ್ದಳು. ಅವರು ಓಡಿ ಬಂದು ಅವಳನ್ನು ಎತ್ತಿ ಆಚೆ ನಿಲ್ಲಿಸಿ, ಕ್ಯಾನಿನ ನೀರಿನಿಂದ ಅವಳ ಕೈ ತೊಳೆದರು. ಮುಕ್ತಾ ಎದುರಿನ ಹಿಟ್ಟಿನ ಗಿರಣಿಯ ನೆರಳಿನಲ್ಲಿ ನಿಂತು ನೋಡಿದಳು. ಹೋಗಿ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಆದರೆ 'ನೀವೇ ಎಂದು ನನಗೆ ಗೊತ್ತು' ಎಂದು ಅವಳು ಬಾಯಿಬಿಟ್ಟ ಗಳಿಗೆಯಿಂದ ಮರೆ ಎಂಬುದು ಇರುವುದಿಲ್ಲ. ಆ ಮನುಷ್ಯ ಹೆದರಿ ಹೆಂಡತಿಗೆ ಹೇಳುತ್ತಾನೆ, ಹೆಂಡತಿ ಇನ್ನೊಬ್ಬರಿಗೆ ಹೇಳುತ್ತಾಳೆ. ಹುಸೇನಸಾಬರ ಲಾರಿಯೂ ನೆನಪಾಯಿತು. ಅವಳು ಬಂದ ದಾರಿಯಲ್ಲೇ ತಿರುಗಿ ಹೋದಳು.

ಬಸವಂತಪ್ಪನವರು ವಾರಕ್ಕೊಮ್ಮೆ ಎಕ್ಸ್‌ಚೇಂಜಿಗೆ ಬಂದು ಕೂರತೊಡಗಿದರು. ಮೊದಮೊದಲು ವಕೀಲರು ಹೇಳಿದ್ದನ್ನು ಹೇಳುತ್ತಿದ್ದರು, ಆಮೇಲೆ ಸುಮ್ಮನೆ ಗೋಡೆಯ ನಕ್ಷೆಯ ಮೇಲೆ ಪೆಟ್ಟಿಗೆಗೊಂದರಂತೆ ಮಿಣುಕುವ ಚುಕ್ಕೆಗಳನ್ನು ನೋಡುತ್ತಿದ್ದರು. ಸುದ್ದಿ ಹರಡಿದ ಮೇಲೆ ಚುಕ್ಕೆಗಳು ಮುನ್ನೂರ ಹನ್ನೆರಡರಿಂದ ನೂರಾ ಎಂಬತ್ತಕ್ಕೆ ಇಳಿದಿದ್ದವು.

ಒಂದು ದಿನ ಅವರು ಕೇಳಿದರು. "ಇಷ್ಟು ದೊಡ್ಡ ಮಶೀನ ಮಾಡೀಯವಾ. ಒಬ್ಬ ಮನುಷ್ಯಾನ್ನ ಹುಡುಕಾಕ ಬರೂದಿಲ್ಲೇನು?"

"ಹುಡುಕಾಕ ಬರಬಾರದು ಅಂತನ ಮಾಡೇನ್ರಿ."

"ಅಂವಗ ಹೆಂಡ್ತಿ ಮಕ್ಳು ಇದ್ದಾರು, ಒಪ್ಪಿದೆ. ನನಗ ಇರೂದು ಅಕಿ ಒಬ್ಬಾಕಿ."

ಅವಳು ಎದ್ದು ಅವರಿಗೆ ಚಹಾ ತರಲು ಹೋದಳು.

ಮೂರನೆಯ ತಿಂಗಳಲ್ಲಿ ವಿಚಾರಣೆ ಶುರುವಾಯಿತು. ನೀರು ಶುದ್ಧವಾಗಿತ್ತೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಸರ್ಕಾರದ ಪರ ಸಾಕ್ಷಿಯಾಗಿ ಬಂದವರು ಶ್ರೀಪಾದ ಗಲಗಲಿ. ಮುಕ್ತಾ ಹಿಂದಿನ ಬೆಂಚಿನಲ್ಲಿ ಬಸವಂತಪ್ಪನವರ ಪಕ್ಕ ಕೂತಿದ್ದಳು. ಗಲಗಲಿಯವರು ತಮ್ಮ ಹೆಸರು, ಹುದ್ದೆ ಹೇಳಿದರು. ಆ ತಿಂಗಳ ವರದಿಗೆ ಸಹಿ ಹಾಕಿದವರು ತಾವೇ ಎಂದರು.

"ಪತ್ರಿಕೆಯಲ್ಲಿ ಬಂದ ಅಂಕಿಗಳು ನಿಜವೇ?" ಎಂದು ಸರ್ಕಾರಿ ವಕೀಲರು ಕೇಳಿದರು.

"ಅಲ್ಲ."

"ನೀರು ಕುಡಿಯಲು ಯೋಗ್ಯವಾಗಿದೆಯೇ?"

"ಆಗಿದೆ."

ಮೊದಲ ಸಾಲಿನಲ್ಲಿ ಕಾರ್ಖಾನೆಯ ಮ್ಯಾನೇಜರು ಕಾಲಮೇಲೆ ಕಾಲು ಹಾಕಿ ಕೂತಿದ್ದ. ಗಲಗಲಿಯವರು ಉತ್ತರ ಕೊಡುವಾಗಲೆಲ್ಲ ಆ ಕಡೆ ನೋಡುತ್ತಿದ್ದರು. ಇಂದುಮತಿಯವರ ಕಡೆ ಒಮ್ಮೆಯೂ ನೋಡಲಿಲ್ಲ. ಇಂದುಮತಿ ಮಾತ್ರ ಅವರನ್ನು ಗಮನವಿಟ್ಟು ನೋಡುತ್ತಿದ್ದರು. ಸಾಕ್ಷಿ ಮುಗಿಸಿ ಇಳಿಯುವಾಗ ಗಲಗಲಿಯವರಿಗೆ ಮೆಟ್ಟಿಲು ತಪ್ಪಿತು. ಪಕ್ಕದಲ್ಲೇ ಆರೋಪಿಯ ಕಟಕಟೆಯ ಒಳಗಿದ್ದ ಇಂದುಮತಿಯೇ ಕೈಚಾಚಿ ಅವರ ತೋಳು ಹಿಡಿದರು. "ಸಾವಕಾಶ," ಎಂದರು.

ಮುಕ್ತಾ ಎದ್ದು ಹೊರಗೆ ಹೋಗಿ, ಕಲಾಪ ಮುಗಿಯುವವರೆಗೆ ಬೇವಿನ ಗಿಡದ ಕೆಳಗೆ ನಿಂತಿದ್ದಳು.

ಐದನೆಯ ತಿಂಗಳಲ್ಲಿ ಇಂದುಮತಿಯವರ ಎಡಗಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ಜೈಲಿನಲ್ಲಿ ಕೊಟ್ಟ ಚಪ್ಪಲಿ ಉಜ್ಜಿ ಆದ ಗಾಯ. ಸಕ್ಕರೆ ಕಾಯಿಲೆಯವರಿಗೆ ಅದು ಏನಾಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಿನಾ ತಾವೇ ತೊಳೆದುಕೊಂಡರು. ಯಾವ ಔಷಧ ಬೇಕೆಂದು ಚೀಟಿ ಬರೆದುಕೊಟ್ಟರು. ಔಷಧ ಹದಿನೈದು ದಿನ ತಡವಾಗಿ ಬಂತು. ಅಷ್ಟರಲ್ಲಿ ಹುಣ್ಣು ಕಪ್ಪಾಗಿತ್ತು. ಆಸ್ಪತ್ರೆಗೆ ಒಯ್ದು ಮೊದಲು ಬೆರಳು, ಆಮೇಲೆ ಪಾದ ತೆಗೆದರು. ಅಷ್ಟಕ್ಕೂ ನಂಜು ನಿಲ್ಲಲಿಲ್ಲ.

ಆ ಹೊತ್ತಿಗೆ ಏಳನೆಯ ವಾರ್ಡಿನ ಕಥೆ ಬೇರೆ ದಿಕ್ಕಿಗೆ ತಿರುಗಿತ್ತು. ಪತ್ರಿಕೆ ಓದಿದ ದಿನದಿಂದ ಅಲ್ಲಿನ ಬಹಳಷ್ಟು ತಾಯಂದಿರು ಪುರಸಭೆಯ ಮಾತು ನಂಬದೆ ಮಕ್ಕಳಿಗೆ ನಲ್ಲಿಯ ನೀರು ಬಿಡಿಸಿದ್ದರು. ಒಬ್ಬ ಮಕ್ಕಳ ವೈದ್ಯೆ ತಾನಾಗಿಯೇ ರಕ್ತದ ಮಾದರಿ ತೆಗೆದು ಹೊರ ರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದಳು. ಸೀಸ ಸಿಕ್ಕಿತು. ರಾಜಧಾನಿಯಿಂದ ತನಿಖಾ ತಂಡ ಬಂದು ಕಾರ್ಖಾನೆಗೆ ಬೀಗ ಹಾಕಿತು.

ಮುಕ್ತಾ ಈ ಸುದ್ದಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿದಳು. ಬಾಗಿಲಲ್ಲಿ ಮಹಿಳಾ ಪೇದೆ ಕೂತಿದ್ದಳು. ಇಂದುಮತಿಯವರ ಮೈ ಕೆಂಡದಂತೆ ಸುಡುತ್ತಿತ್ತು. ಬಸವಂತಪ್ಪ ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದರು.

"ಅಕ್ಕಾ, ನೀರಾಗ ಸೀಸ ಇದ್ದದ್ದು ಖರೆ ಆತು. ಕಾರ್ಖಾನಿ ಬಂದ್ ಮಾಡಿದ್ರು. ಮಕ್ಳಿಗೆ ಔಷಧ ಕೊಡಾಕತ್ತಾರ."

"ಎಷ್ಟು ಮಕ್ಳು?"

"ನಲವತ್ತೊಂದು."

"ನಲವತ್ತೊಂದು," ಎಂದು ಇಂದುಮತಿ ತಮ್ಮಷ್ಟಕ್ಕೆ ಹೇಳಿಕೊಂಡರು. "ಸಣ್ಣ ಕೂಸುಗಳಿಗೆ ಹೊಟ್ಟಿ ಖಾಲಿ ಇಡಬ್ಯಾಡ ಅನ್ನು. ಹೊಟ್ಟಿ ಖಾಲಿ ಇದ್ರ ಸೀಸ ಜಾಸ್ತಿ ಇಳೀತೈತಿ. ಹಾಲು ಕೊಡಾಕ ಹೇಳು." ಆಮೇಲೆ, "ಕಳಿಸಿದವರು ಯಾರೋ, ಅವರಿಗೆ ಇದು ಮುಟ್ಟೈತೋ ಇಲ್ಲೋ," ಎಂದರು.

"ಮುಟ್ಟಿರ್ತೈತ್ರಿ," ಎಂದಳು ಮುಕ್ತಾ.

ಇಂದುಮತಿ ಅವಳ ಮುಖ ನೋಡಿದರು, ಏನೂ ಕೇಳಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಮೂರಕ್ಕೆ ತೀರಿಕೊಂಡರು. ಬಿಡುಗಡೆಯ ಅರ್ಜಿ ಮರುವಾರದ ಪಟ್ಟಿಯಲ್ಲಿತ್ತು. ಆರೋಪಿ ಮರಣ ಹೊಂದಿದ್ದರಿಂದ ಪ್ರಕರಣ ಮುಕ್ತಾಯಗೊಂಡಿದೆ ಎಂದು ನ್ಯಾಯಾಲಯ ಬರೆಯಿತು. ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಯಾರೂ ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಶ್ರೀಪಾದ ಗಲಗಲಿಯವರು ಎಕ್ಸ್‌ಚೇಂಜಿಗೆ ಬಂದರು. ಸುಳ್ಳು ವರದಿಗೆ ಸಹಿ ಹಾಕಿದ್ದಕ್ಕೆ ಅವರನ್ನು ಅಮಾನತು ಮಾಡಿದ್ದರು. ಗಡ್ಡ ಬೆಳೆದಿತ್ತು. ಮುಕ್ತಾ ಕುರ್ಚಿ ತೋರಿಸಿದಳು. ಅವರು ಕುರ್ಚಿಯ ತುದಿಯಲ್ಲಿ ಕೂತು ನಕ್ಷೆಯ ಕಡೆ ನೋಡಿದರು.

"ಒಂದು ಮಾತು ಕೇಳೂದಿತ್ತು ಮೇಡಂ. ಆ ನೀರಿನ ಸಂದೇಶ ಯಾರು ಕಳಿಸಿದ್ರು ಅಂತ ಈಗರೆ ಗೊತ್ತಾಗ್ತೈತೇನ್ರಿ?"

"ಇಲ್ರಿ."

"ಯಾವ ರೀತಿಲೂ?"

"ಯಾವ ರೀತಿಲೂ ಇಲ್ಲ."

"ನಿಮಗೂ ಗೊತ್ತಿಲ್ಲ?"

ಮುಕ್ತಾ ಅವರ ಕಣ್ಣನ್ನೇ ನೋಡುತ್ತ, "ನನಗೂ ಗೊತ್ತಿಲ್ಲ," ಎಂದಳು.

ಆ ಮುಖದಲ್ಲಿ ನಿರಾಳ ಕಾಣಬಹುದೆಂದು ಅವಳು ಎಣಿಸಿದ್ದಳು. ಅದು ಕಾಣಲಿಲ್ಲ. "ಗೊತ್ತಾಗಿದ್ರ ಚಲೋ ಇತ್ತು," ಎಂದು ಅವರು ಎದ್ದರು. ಬಾಗಿಲ ಹತ್ತಿರ ತಿರುಗಿ ಇನ್ನೊಮ್ಮೆ ನಕ್ಷೆಯ ಕಡೆ ನೋಡಿದರು. ಆಮೇಲೆ ಹೋದರು. ಅವರ ಹಿಂದೆಯೇ ಓಡಿಹೋಗಿ ಕರೆಯಬೇಕೆಂದು ಮುಕ್ತಾಳಿಗೆ ಅನ್ನಿಸಿತು. ಹಾಗೆ ಮಾಡಲಿಲ್ಲ. ಇಂದುಮತಿ ಏಳು ತಿಂಗಳು ಸೆರೆಯಲ್ಲಿದ್ದು ಕಾಪಾಡಿದ ಗುಟ್ಟನ್ನು ಬಿಟ್ಟುಕೊಡುವ ಹಕ್ಕು ತನಗಿಲ್ಲ ಎಂದು ಅವಳು ತಿಳಿದಿದ್ದಳು.

ಆ ವಾರವೇ ಬಸವಂತಪ್ಪನವರಿಂದ ಕರೆ ಬಂತು. "ಬಂದು ಹೋಗವಾ," ಎಂದಷ್ಟೇ ಹೇಳಿ ಇಟ್ಟರು.

ಅವಳು ಹೋದಾಗ ಅಂಗಡಿಯಲ್ಲಿ ಒಬ್ಬ ಆಟೋದವನು ಬ್ಯಾಟರಿಗೆ ಕಾಯುತ್ತಿದ್ದ. ಬಸವಂತಪ್ಪ ಅವನನ್ನು ಕಳಿಸಿ, ಬಟ್ಟೆಯಿಂದ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು.

"ನಿನ್ನೆ ಆ ಗಲಗಲಿ ಬಂದಿದ್ದ. ಅಕೀ ಮ್ಯಾಲೆ ಸಾಕ್ಷಿ ಹೇಳಿದಾಂವ. ಇಲ್ಲೇ, ನೀ ನಿಂತಲ್ಲೇ ನಿಂತ. ನಾನ ಕಳಿಸಿದ್ದೆ ಅಂದ."

ಮುಕ್ತಾ ಹೆಗಲಿನ ಚೀಲವನ್ನು ಕೆಳಗಿಟ್ಟಳು.

"ಒಳಗ ಕರದು ಕುಂಡ್ರಿಸಿದೆ. ಒಂದು ತಂಬಿಗಿ ನೀರು ಕೊಟ್ಟೆ. ಅದನ್ನ ಕೈಯಾಗ ಹಿಡಕೊಂಡು ಕೂತಾ, ಕುಡೀಲಿಲ್ಲ. ಹುಸೇನಸಾಬನ ಹೆಣ ಅಂವನ ಮೊದಲು ನೋಡಿದ್ನಂತ. ಹೆದರಿಕಿ ಆತು ಅಂದ. ಕಳಿಸಿದ ಮ್ಯಾಲೂ ಹೆದರಿಕಿ, ಕೋರ್ಟಿನ್ಯಾಗ ನಿಂತಾಗೂ ಹೆದರಿಕಿ. ಅಕಿ ಕೈ ಹಿಡಿದ್ಲಲ್ಲ, ಅವತ್ತಿಂದ ಆ ತೋಳು ಎತ್ತಾಕ ಆಗವಲ್ದು ಅಂತ ಅತ್ತ." ಬಸವಂತಪ್ಪ ಬಟ್ಟೆಯನ್ನು ಮಡಚಿದರು, ಮತ್ತೆ ಬಿಚ್ಚಿದರು. "ಹೊಡೀಬೇಕು ಅಂತ ಎದ್ದಿದ್ದೆ. ಆಗಲಿಲ್ಲ. ಸಣ್ಣ ಮಗಳು ಐತಂತ."

ಓಣಿಯಲ್ಲಿ ತರಕಾರಿಯ ಗಾಡಿಯವಳು ಕೂಗುತ್ತ ಹೋದಳು.

"ನಿನಗ ಗೊತ್ತಿತ್ತೇನು?" ಎಂದು ಅವರು ಕೇಳಿದರು.

ಇಲ್ಲ ಎಂದು ಹೇಳಬಹುದಾಗಿತ್ತು. ಗುರುತೆಲ್ಲ ಅಳಿಸಿಹೋಗಿತ್ತು, ಯಾರೂ ಅದನ್ನು ಸುಳ್ಳೆಂದು ತೋರಿಸುವಂತಿರಲಿಲ್ಲ.

"ಗೊತ್ತಿತ್ತು," ಎಂದಳು ಮುಕ್ತಾ.

ಬಸವಂತಪ್ಪ ಕೈಯ ಬಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟರು. ಅಂಗಡಿಯೊಳಗೆ ಚಾರ್ಜಾಗುತ್ತಿದ್ದ ಬ್ಯಾಟರಿಗಳ ಸಣ್ಣ ಗುಂಯ್ ಸದ್ದು ಕೇಳುತ್ತಿತ್ತು.

"ಮತ್ತ ಅಕೀಗೆ?"

"ಇಲ್ರಿ. ನೋಡಬ್ಯಾಡ ಅಂದಿದ್ರು. ನಾ ನೋಡಿದೆ. ಅವರಿಗೆ ಹೇಳಲಿಲ್ಲ."

"ಅಂದಿರ್ತಾಳ. ಅಕಿ ಇದ್ದದ್ದ ಹಂಗ," ಎಂದರು ಬಸವಂತಪ್ಪ. ಎದ್ದು ಒಳಗೆ ಹೋಗಿ ಒಂದು ಬ್ಯಾಟರಿಯ ತಂತಿ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಸಿದರು. ಆಮೇಲೆ ಇನ್ನೊಂದು. ಅವಳಿಗೆ ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮುಕ್ತಾ ಬಿಸಿಲಿನಲ್ಲಿ ನಿಂತೇ ಇದ್ದಳು.